ಮಾಂಟ್ಗೊಮರಿ ಬೀದಿಯ ಬ್ಲ್ಯಾಕ್ ಕ್ಯಾಟ್ ಹುಡುಕಿಕೊಂಡು

ಗುರುವಾರ: ಮಾಂಟ್ಗೊಮರಿ ಬೀದಿ

ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ನಮ್ಮೂರಿನವರು ಗೋಲ್ಡನ್ ಗೇಟ್ ಸೇತುವೆ ನೋಡುತ್ತಾರೆ, ಆಲ್ಕಟ್ರಾಜ್ ಜೈಲು ನೋಡುತ್ತಾರೆ, ಲೊಂಬಾರ್ಡ್ ಬೀದಿಯ ತಿರುವುಗಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನೋಡಲು ಹೊರಟಿದ್ದು ಒಂದು ಬಾರ್. ಹೆಸರು ಬ್ಲ್ಯಾಕ್ ಕ್ಯಾಟ್. ಅದು ಬಾಗಿಲು ಹಾಕಿದ್ದು 1964ರಲ್ಲಿ. ಈಗ ಅಲ್ಲಿ ಆ ಬಾರೂ ಇಲ್ಲ, ಅದರ ಬೋರ್ಡೂ ಇಲ್ಲ. ಆದರೂ ಗೇ ಆಗಿರುವ ನನಗೆ ಒಮ್ಮೆ ಹೋಗಿ ನಿಂತು ಬರಲೇಬೇಕಾದ ಜಾಗ ಅದು. ನಮ್ಮಂಥವರು ನಾಲ್ಕು ಜನ ಒಟ್ಟಿಗೆ ಕೂತು ಕುಡಿಯಬಹುದು ಅನ್ನುವಷ್ಟು ಸಣ್ಣ ವಿಷಯಕ್ಕೆ ಆ ಬಾರ್ ಸುಮಾರು ಹದಿನೈದು ವರ್ಷ ಸರ್ಕಾರದ ಜೊತೆ ಗುದ್ದಾಡಿತ್ತು.

ಉಳಿದುಕೊಂಡಿದ್ದು ಫ್ರೀಮಾಂಟಿನಲ್ಲಿ, ಅಕ್ಕನ ಮನೆಯಲ್ಲಿ. ಬೆಳಗ್ಗೆ ಅಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಾರ್ಟ್ ರೈಲಿಗೆ ಬಿಡಲು ಬಂದ ಅಕ್ಕ ಜರ್ಕಿನ್ ಕೈಗೆ ತುರುಕಿ, "ಜುಲೈ ಅಂತ ನಂಬಬೇಡ ಕಣೋ, ಮಧ್ಯಾಹ್ನ ಆಗ್ತಿದ್ದ ಹಾಗೆ ಅಲ್ಲಿ ಮಡಿಕೇರಿ ಥರ ಆಗುತ್ತೆ" ಅಂದಳು. ಅವಳು ಹೇಳಿದ್ದು ನಿಜ. ಒಂದು ಗಂಟೆಯ ರೈಲು ಪ್ರಯಾಣ ಮುಗಿಸಿ ಮಾಂಟ್ಗೊಮರಿ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಮುಖಕ್ಕೆ ತಣ್ಣನೆ ಗಾಳಿ ರಾಚಿತು. ಯಾರಾದರೂ ಹೋಗುವುದಾದರೆ ಬೇಸಿಗೆ ಅಂತ ತೆಳು ಅಂಗಿ ಮಾತ್ರ ಹಾಕಿಕೊಂಡು ಹೋಗಬೇಡಿ.

ಸ್ಟೇಷನ್ನಿನಿಂದ ಉತ್ತರಕ್ಕೆ ನಡೆಯುತ್ತಾ ಹೋದರೆ ಮೊದಲು ಬರೀ ಬ್ಯಾಂಕುಗಳು. ಆಮೇಲೆ ಎದುರಿಗೆ ಬರುವುದು ಟ್ರಾನ್ಸ್‌ಅಮೇರಿಕಾ ಪಿರಮಿಡ್, 260 ಮೀಟರ್ ಎತ್ತರದ ಚೂಪು ಕಟ್ಟಡ. ಅದರ ಪಕ್ಕದಲ್ಲೇ ರೆಡ್‌ವುಡ್ ಮರಗಳ ಪುಟ್ಟ ತೋಪು ಇದೆ. ಪಿರಮಿಡ್ ಬರುವ ಮುಂಚೆ ಈ ಜಾಗದಲ್ಲಿ 1853ರಲ್ಲಿ ಕಟ್ಟಿದ ಮಾಂಟ್ಗೊಮರಿ ಬ್ಲಾಕ್ ಅನ್ನುವ ದೊಡ್ಡ ಕಟ್ಟಡ ಇತ್ತು. ಕೈಯಲ್ಲಿ ಕಾಸಿಲ್ಲದ ಚಿತ್ರಗಾರರು, ಬರಹಗಾರರು ಅಲ್ಲಿ ಕೋಣೆ ಹಿಡಿದು ಇರುತ್ತಿದ್ದರು. ಜನ ಪ್ರೀತಿಯಿಂದ ಮಂಕಿ ಬ್ಲಾಕ್ ಅಂತ ಕರೆಯುತ್ತಿದ್ದರು. 1906ರ ಭೂಕಂಪವನ್ನೇ ತಡೆದುಕೊಂಡ ಕಟ್ಟಡವನ್ನು 1959ರಲ್ಲಿ ಕೆಡವಿದರು. ಆ ಕೋಣೆಗಳಿಂದ ಸಂಜೆ ಇಳಿದು ಬಂದವರಿಗೆ ಹತ್ತಿರದಲ್ಲೇ ಸಿಗುತ್ತಿದ್ದ ಬಾರ್ ಬ್ಲ್ಯಾಕ್ ಕ್ಯಾಟ್.

710, ಮಾಂಟ್ಗೊಮರಿ ಬೀದಿ. ಕನೆಸ್ಸಾ ಪ್ರಿಂಟಿಂಗ್ ಕಂಪನಿಯ ಹಳೆಯ ಕಟ್ಟಡ. ಬಾರ್ ಹೋದ ಮೇಲೆ ಅಲ್ಲಿ ರೆಸ್ಟೋರೆಂಟುಗಳು ಬಂದು ಹೋಗಿವೆ. 2007ರ ಡಿಸೆಂಬರಿನಲ್ಲಿ ಹಾಕಿದ ಒಂದು ಸ್ಮಾರಕ ಫಲಕ ಇದೆ. ನಾನು ನಿಂತು ಓದುವಾಗ ಲ್ಯಾಪ್‌ಟಾಪ್ ಬ್ಯಾಗು ಹೊತ್ತವರು ನನ್ನ ಭುಜ ತಾಗಿಸಿಕೊಂಡೇ ಹೋಗುತ್ತಿದ್ದರು. ಒಬ್ಬರು ಮಾತ್ರ, ಕೈಯಲ್ಲಿ ನಾಯಿಯ ಹಗ್ಗ ಹಿಡಿದಿದ್ದ ವಯಸ್ಸಾದ ಹೆಂಗಸು, ನಿಂತು ಕೇಳಿದರು: "ಏನು ಹುಡುಕ್ತಾ ಇದ್ದೀಯಪ್ಪ?" ಹೇಳಿದೆ. "ಓ, ಹೋಸೆ ಹಾಡ್ತಿದ್ದ ಜಾಗ! ಜೈಲು ಆ ಕಡೆ ಇತ್ತು, ಅಲ್ಲಿಗೂ ಹೋಗಿ ಬಾ" ಅಂತ ಕೆರ್ನಿ ಬೀದಿಯ ಕಡೆ ಕೈ ತೋರಿಸಿದರು.

ಬ್ಲ್ಯಾಕ್ ಕ್ಯಾಟ್ ಹುಟ್ಟಿದ್ದು 1906ರಲ್ಲಿ, ಬೇರೆ ಬೀದಿಯಲ್ಲಿ. 1921ರಲ್ಲಿ ಡಾನ್ಸ್ ಲೈಸೆನ್ಸ್ ಕಳೆದುಕೊಂಡು ಮುಚ್ಚಿತು. 1933ರಲ್ಲಿ ದೇಶದ ಪಾನನಿಷೇಧ ತೆರವಾದಾಗ ಈ ಮಾಂಟ್ಗೊಮರಿ ಬೀದಿಯಲ್ಲಿ ಮತ್ತೆ ತೆರೆಯಿತು. ನಲವತ್ತರ ದಶಕದಲ್ಲಿ ಸಾಲ್ ಸ್ಟೌಮನ್ ಎಂಬಾತ ಕೊಂಡುಕೊಂಡ. ಆತ ಗೇ ಅಲ್ಲ. ಬಂದ ಗಿರಾಕಿಗಳಲ್ಲಿ ಯಾರನ್ನೂ ಹೊರಗೆ ಕಳಿಸುತ್ತಿರಲಿಲ್ಲ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಈ ಬಂದರಿನಿಂದಲೇ ಪೆಸಿಫಿಕ್ ಕಡೆಗೆ ಸೈನಿಕರು ಹಡಗು ಹತ್ತುತ್ತಿದ್ದರು. ಸಲಿಂಗಿ ಅಂತ ಸೇನೆಯಿಂದ ಹೊರಗೆ ಹಾಕಿಸಿಕೊಂಡವರೂ ಇಲ್ಲೇ ಇಳಿಯುತ್ತಿದ್ದರು. ಆ ಮುಖ ಇಟ್ಟುಕೊಂಡು ಊರಿಗೆ ಹೋಗುವುದು ಹೇಗೆ? ಎಷ್ಟೋ ಜನ ಇಲ್ಲೇ ಉಳಿದರು. ಅವರಿಗೆ ಇಂಥ ಬಾರುಗಳೇ ಮನೆ. ಕವಿ ಅಲೆನ್ ಗಿನ್ಸ್‌ಬರ್ಗ್ ಇಲ್ಲಿ ಬರುತ್ತಿದ್ದ. ಬಂದರಿನ ಕೂಲಿಗಳು, ಕಾಲೇಜು ಮೇಷ್ಟ್ರುಗಳು, ಗುಮಾಸ್ತರು ಎಲ್ಲ ಒಂದೇ ಕೌಂಟರಿನ ಮುಂದೆ.

ಹೋಸೆ ಸಾರಿಯಾ ಇಲ್ಲಿ ವೇಟರ್. ಇದೇ ಊರಿನಲ್ಲಿ ಹುಟ್ಟಿದವನು, ತಾಯಿ ಕೊಲಂಬಿಯಾದವರು. ಯುದ್ಧಕ್ಕೆ ಹೋಗಿ ಬಂದು ಮೇಷ್ಟ್ರಾಗಬೇಕು ಅಂತ ಓದುತ್ತಿದ್ದ. ಒಂದು ದೊಡ್ಡ ಹೋಟೆಲಿನಲ್ಲಿ ಪೊಲೀಸರು 'ಅನೈತಿಕ' ಕೇಸು ಹಾಕಿದರು. ಆ ಕೇಸು ಬಿದ್ದವನಿಗೆ ಶಾಲೆಯಲ್ಲಿ ಕೆಲಸ ಕೊಡುವವರು ಯಾರು? ಮೇಷ್ಟ್ರ ಕನಸು ಅಲ್ಲಿಗೆ ಮುಗಿಯಿತು. ತಟ್ಟೆ ಹಿಡಿದ. ತಟ್ಟೆ ಹಿಡಿದುಕೊಂಡೇ ಹಾಡಿದ. ಭಾನುವಾರ ಮಧ್ಯಾಹ್ನ ಬಾರಿನೊಳಗೇ ಒಪೆರಾ ಆಡುತ್ತಿದ್ದ. ಕಾರ್ಮೆನ್ ಒಪೆರಾದ ನಾಯಕಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ತಂದು, ಯೂನಿಯನ್ ಸ್ಕ್ವೇರಿನ ಪೊದೆಗಳಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಹಾಗೆ ಮಾಡಿದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೇಳುತ್ತಿದ್ದವರಲ್ಲಿ ಎಷ್ಟೋ ಜನ ಅದೇ ಪೊದೆಗಳಿಂದ ಓಡಿದವರು.

ಆ ಹೆಂಗಸು ತೋರಿಸಿದ ಕಡೆ ನಡೆದೆ. ಪೋರ್ಟ್ಸ್‌ಮತ್ ಸ್ಕ್ವೇರ್, ಚೈನಾಟೌನಿನ ಪಾರ್ಕು. ಚೀನೀ ಅಜ್ಜಂದಿರು ರಟ್ಟಿನ ಡಬ್ಬ ಮಗುಚಿ ಹಾಕಿಕೊಂಡು, ಅದರ ಸುತ್ತ ಗುಂಪು ಕಟ್ಟಿ ಇಸ್ಪೀಟಾಡುತ್ತಿದ್ದರು. ಕೆರ್ನಿ ಬೀದಿಯ ಆಚೆ ಬದಿ ಈಗ ಹೋಟೆಲಿನ ಎತ್ತರದ ಗೋಪುರ ಇದೆ. ಆಗ ಅಲ್ಲಿ ಹಾಲ್ ಆಫ್ ಜಸ್ಟಿಸ್ ಇತ್ತು: ಕೋರ್ಟೂ ಅದೇ, ಪೊಲೀಸ್ ಕಚೇರಿಯೂ ಅದೇ, ಲಾಕಪ್ಪೂ ಅದೇ. ರಾತ್ರಿ ಬಾರ್ ಮುಚ್ಚುವ ಹೊತ್ತಿಗೆ ಹೋಸೆ ಎಲ್ಲರನ್ನೂ ಎಬ್ಬಿಸಿ, ಕೈ ಕೈ ಹಿಡಿಸಿ, ಬ್ರಿಟಿಷ್ ರಾಷ್ಟ್ರಗೀತೆಯ ರಾಗಕ್ಕೆ ತಮ್ಮದೇ ಸಾಲು ಹಾಕಿ ಹಾಡಿಸುತ್ತಿದ್ದ. ದೇವರು ನಮ್ಮನ್ನು ಕಾಪಾಡಲಿ ಅನ್ನುವ ಹಾಡು. ಕೆಲವು ರಾತ್ರಿ ಗುಂಪನ್ನೇ ಹೊರಗೆ ಕರೆದುಕೊಂಡು ಬಂದು, ಲಾಕಪ್ಪಿನ ಕಿಟಕಿಗಳಿಗೆ ಮುಖ ಮಾಡಿ ಹಾಡಿಸುತ್ತಿದ್ದ. ಒಳಗೆ ಆ ರಾತ್ರಿ ಹಿಡಿದು ತಂದ ನಮ್ಮವರೇ ಇರುತ್ತಿದ್ದರು. ಪೊಲೀಸ್ ಕಚೇರಿಯ ಗೋಡೆಯ ಕೆಳಗೆ ನಿಂತು ಹಾಗೆ ಹಾಡಲು ಎಷ್ಟು ಗುಂಡಿಗೆ ಬೇಕು!

ಅಜ್ಜಂದಿರ ಪಕ್ಕದ ಬೆಂಚಿನಲ್ಲಿ ಕೂತು, ಬೇಕರಿಯಿಂದ ತಂದ ಎಗ್ ಟಾರ್ಟ್ ಮತ್ತು ಎಳ್ಳು ಹಚ್ಚಿ ಕರಿದ ಸಿಹಿ ಉಂಡೆ ತಿಂದೆ. ಟಾರ್ಟ್ ಇನ್ನೂ ಬಿಸಿ ಇತ್ತು, ಒಳಗಿನ ಹಳದಿ ತುಂಬು ಅಲ್ಲಾಡುತ್ತಿತ್ತು. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಂಡೇ ತಗೊಳ್ಳಿ, ಇಂಥ ತಿಂಡಿಗಳಲ್ಲಿ ಹಂದಿ ಕೊಬ್ಬು ಹಾಕುವುದು ಮಾಮೂಲು.

ಶುಕ್ರವಾರ: ಕ್ಯಾಸ್ಟ್ರೋ

ಮಾರ್ಕೆಟ್ ಬೀದಿಯ ಉದ್ದಕ್ಕೂ ಎಫ್ ಲೈನಿನ ಹಳೇ ಟ್ರಾಮ್‌ಗಳು ಓಡುತ್ತವೆ. ನನಗೆ ಸಿಕ್ಕಿದ್ದು ಇಟಲಿಯ ಮಿಲಾನಿನಿಂದ ತಂದ ಕಿತ್ತಳೆ ಬಣ್ಣದ್ದು, ಒಳಗೆ ಮರದ ಬೆಂಚು. ಬೇಗ ತಲುಪಬೇಕು ಅನ್ನುವವರು ನೆಲದಡಿಯ ಮೆಟ್ರೋ ಹಿಡಿಯುವುದು ವಾಸಿ. ನನಗೆ ಅವಸರ ಇರಲಿಲ್ಲ.

ಗೇ ಜನರ ಬಡಾವಣೆ ಅಂತಲೇ ಹೆಸರಾದ ಕ್ಯಾಸ್ಟ್ರೋದಲ್ಲಿ ಇಳಿದರೆ ಮೂಲೆಯಲ್ಲೇ ಟ್ವಿನ್ ಪೀಕ್ಸ್ ಟ್ಯಾವರ್ನ್. 1972ರಲ್ಲಿ ಇಬ್ಬರು ಹೆಂಗಸರು ಈ ಬಾರ್ ನಡೆಸತೊಡಗಿದಾಗ ಮಾಡಿದ ಕೆಲಸ ಏನು ಗೊತ್ತಾ? ಬೀದಿಯ ಕಡೆಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ ಬಿಟ್ಟರು. ಅಲ್ಲಿಯವರೆಗೆ ಗೇ ಬಾರ್ ಅಂದರೆ ಕಿಟಕಿಗೆ ಕಪ್ಪು ಬಣ್ಣ, ಇಲ್ಲವೇ ಕಿಟಕಿಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಮುಖ ಕಂಡರೆ ಮರುದಿನ ಕೆಲಸ ಹೋಗುತ್ತಿದ್ದ ಕಾಲ.

ಕಿಟಕಿ ಪಕ್ಕ ಬೆಳ್ಳಿ ಕೂದಲಿನ ಒಬ್ಬರು ಕೂತಿದ್ದರು. ಎದುರಿನ ಕುರ್ಚಿ ಖಾಲಿ ಇತ್ತು. ಕೂರಬಹುದಾ ಅಂತ ಕೇಳಿದೆ. ಮಾತು ತಾನಾಗಿ ಹೊರಟಿತು. ಎಪ್ಪತ್ತರ ದಶಕದಲ್ಲಿ ಓಹಾಯೋದಿಂದ ಬಂದವರಂತೆ. "ಬಂದ ವಾರ ಎದುರಿನ ಫುಟ್‌ಪಾತಲ್ಲಿ ನಿಂತು ಬರೀ ನೋಡ್ತಿದ್ದೆ. ಗಾಜಿನಲ್ಲಿ ಒಳಗಿನವರು ಕಾಣ್ತಿದ್ರು. ನಮ್ಮಪ್ಪನ ವಯಸ್ಸಿನವರು ಟೈ ಕಟ್ಕೊಂಡು, ಪೇಪರ್ ಓದ್ತಾ ಕೂತಿದ್ರು. ನಮ್ಮ ಥರದವರಿಗೂ ವಯಸ್ಸಾಗುತ್ತೆ, ವಯಸ್ಸಾದ ಮೇಲೂ ಸುಖವಾಗಿ ಇರಬಹುದು ಅಂತ ನಂಗೆ ಅವತ್ತೇ ಗೊತ್ತಾಗಿದ್ದು" ಅಂದರು. ನನ್ನ ಕಾಫಿ ಆರಿ ಹೋಯಿತು. ಬೆಂಗಳೂರಿನಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ನಾನು ಕಣ್ಣಿಂದ ನೋಡಬೇಕು ಅಂತ ಬಯಸಿದ್ದು ಇದನ್ನೇ: ನನ್ನಂಥ ಒಬ್ಬ ಅರವತ್ತು ದಾಟಿದವರು ಆರಾಮಾಗಿ ಪೇಪರ್ ಓದುವುದನ್ನು.

ಅಲ್ಲಿಂದ ಹದಿನೆಂಟನೇ ಬೀದಿಗೆ ತಿರುಗಿದರೆ ಜಿಎಲ್‌ಬಿಟಿ ಇತಿಹಾಸ ಸಂಘದ ಮ್ಯೂಸಿಯಂ. ಒಂದು ಅಂಗಡಿಯಷ್ಟೇ ಜಾಗ. ವಾರದಲ್ಲಿ ಕೆಲವು ದಿನ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ. ಹೋಸೆ ಸಾರಿಯಾನ ಕಾಗದಪತ್ರಗಳನ್ನು ಜೋಪಾನ ಮಾಡಿರುವುದು ಇದೇ ಸಂಘ. ಬಾಗಿಲಲ್ಲಿ ಕೂತಿದ್ದ ಸ್ವಯಂಸೇವಕ ಹುಡುಗನಿಗೆ ಬ್ಲ್ಯಾಕ್ ಕ್ಯಾಟ್ ಅಂದದ್ದೇ ತಡ, ಕುರ್ಚಿ ಎಳೆದು ಕೊಟ್ಟು ಕೇಸಿನ ಕಥೆ ಶುರು ಮಾಡಿದ. ನನಗೆ ಗೊತ್ತಿದ್ದ ಕಥೆಯೇ. ಆದರೂ ಅವನ ಬಾಯಲ್ಲಿ ಕೇಳುವುದು ಚೆನ್ನಾಗಿತ್ತು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಲಾಠಿ ಅಲ್ಲ, ಲೈಸೆನ್ಸು. ಬಾರಿಗೆ ಯಾರು ಬರಬಾರದು ಅಂತ ಸರ್ಕಾರ ಗಿರಾಕಿಗಳಿಗೆ ಹೇಳಬೇಕಾಗಿರಲಿಲ್ಲ. ಮಾಲೀಕನ ಲೈಸೆನ್ಸ್ ಎತ್ತಿಕೊಂಡರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಆಗ ಮದ್ಯದ ಲೈಸೆನ್ಸ್ ಕೊಡುತ್ತಿದ್ದದ್ದು ತೆರಿಗೆ ನೋಡಿಕೊಳ್ಳುವ ಬೋರ್ಡ್ ಆಫ್ ಈಕ್ವಲೈಸೇಷನ್. 1949ರಲ್ಲಿ ಆ ಬೋರ್ಡು ಬ್ಲ್ಯಾಕ್ ಕ್ಯಾಟಿನ ಲೈಸೆನ್ಸ್ ಅಮಾನತು ಮಾಡಿತು. ಯಾವ ತಪ್ಪಿಗೆ? ಸಲಿಂಗಿಗಳು ಅಲ್ಲಿ ಸೇರುತ್ತಾರೆ ಅನ್ನುವುದೇ ತಪ್ಪು. ಬೇರೆ ಮಾಲೀಕರಾಗಿದ್ದರೆ ದಂಡ ಕಟ್ಟಿ, 'ಅಂಥವರನ್ನು ಬಿಡಲ್ಲ ಸ್ವಾಮಿ' ಅಂತ ಬರೆದುಕೊಟ್ಟು ಬರುತ್ತಿದ್ದರೇನೋ. ಸ್ಟೌಮನ್ ಕೋರ್ಟಿಗೆ ಹೋದ. ಕೆಳಗಿನ ಕೋರ್ಟಿನಲ್ಲಿ ಸೋತ. ವಕೀಲ ಮಾರಿಸ್ ಲೋವೆಂಥಾಲ್ ಬಿಡಲಿಲ್ಲ. 1951ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಸ್ಟೌಮನ್ ಪರ ತೀರ್ಪು ಕೊಟ್ಟಿತು. ಗಿರಾಕಿಗಳು ಸಲಿಂಗಿಗಳು ಅನ್ನುವ ಒಂದೇ ಕಾರಣ ಸಾಲದು, ಅಲ್ಲಿ ಕಾನೂನು ಮೀರಿದ ಅಥವಾ ಅನೈತಿಕ ಕೆಲಸ ನಡೆಯಿತು ಅಂತ ತೋರಿಸಬೇಕು ಅಂದಿತು ಕೋರ್ಟು. ನಮ್ಮಂಥವರು ಹೋಟೆಲಿಗೆ ಹೋಗಿ ಊಟ ಮಾಡಬಹುದು, ಬಾರಿನಲ್ಲಿ ಕೂರಬಹುದು ಅಂತ ನ್ಯಾಯಾಧೀಶರೊಬ್ಬರು ಬರೆಯಬೇಕಾಗಿ ಬಂದ ಕಾಲ.

ಆದರೆ ತೀರ್ಪಿನಲ್ಲಿ ಒಂದು ಕಿಂಡಿ ಉಳಿದಿತ್ತು. 'ಅನೈತಿಕ ಕೆಲಸ' ಅಂದರೆ ಏನು? 1955ರಲ್ಲಿ ಮದ್ಯಕ್ಕೇ ಅಂತ ಹೊಸ ಇಲಾಖೆ ಬಂತು, ಜನ ಎಬಿಸಿ ಅಂತ ಕರೆಯುತ್ತಿದ್ದರು. ಅದೇ ವರ್ಷ ಶಾಸನ ಸಭೆ 'ಲೈಂಗಿಕ ವಿಕೃತರು' ಸೇರುವ ಜಾಗದ ಲೈಸೆನ್ಸ್ ರದ್ದು ಮಾಡಬಹುದು ಅನ್ನುವ ಕಲಮು ಸೇರಿಸಿತು. ಇಲಾಖೆಯವರು ಮಫ್ತಿಯಲ್ಲಿ ಬಂದು ಬಾರಿನಲ್ಲಿ ಕೂರತೊಡಗಿದರು. ಗಿರಾಕಿಯ ಜೊತೆ ಮಾತಾಡಿ, ನಕ್ಕು, ಅವನು ಕೈ ಮುಟ್ಟಿದರೆ ಅದೇ ಸಾಕ್ಷಿ. ಇಬ್ಬರು ಗಂಡಸರು ಒಟ್ಟಿಗೆ ಕುಣಿದರೆ ಸಾಕ್ಷಿ. ಆ 1955ರ ಕಲಮನ್ನು ಓಕ್ಲೆಂಡಿನ ಇನ್ನೊಂದು ಬಾರಿನ ಕೇಸಿನಲ್ಲಿ 1959ರಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕಿತು. ಆದರೂ ಮಫ್ತಿಯವರು ಬರುವುದು ನಿಲ್ಲಲಿಲ್ಲ.

ಇಷ್ಟರ ನಡುವೆ ಹೋಸೆ ಗಿರಾಕಿಗಳಿಗೆ ಪಾಠ ಹೇಳುತ್ತಿದ್ದ. ಹಿಡಿದರೆ ತಪ್ಪೊಪ್ಪಿಕೊಳ್ಳಬೇಡಿ, ಜ್ಯೂರಿ ವಿಚಾರಣೆ ಕೇಳಿ. ಅಲ್ಲಿಯವರೆಗೆ ಹೆಸರು ಹೊರಗೆ ಬರದಿದ್ದರೆ ಸಾಕಪ್ಪ ಅಂತ ಹೆದರಿ ಎಲ್ಲರೂ ಒಪ್ಪಿಕೊಂಡು ದಂಡ ಕಟ್ಟುತ್ತಿದ್ದರು. ಒಬ್ಬೊಬ್ಬರೂ ಜ್ಯೂರಿ ಕೇಳತೊಡಗಿದಾಗ ಕೋರ್ಟುಗಳಿಗೆ ತಲೆನೋವಾಯಿತು, ಸಾಕ್ಷಿ ತನ್ನಿ ಅಂತ ಪೊಲೀಸರನ್ನು ಕೇಳುವಂತಾಯಿತು. ಗಂಡಸರು ಹೆಂಗಸರ ಬಟ್ಟೆ ಹಾಕಿ 'ಮೋಸ' ಮಾಡುವುದು ಅಪರಾಧ ಅನ್ನುವ ನಗರದ ಕಾನೂನು ಒಂದಿತ್ತು. ಅದಕ್ಕೆ ಹೋಸೆ ಕಂಡುಕೊಂಡ ಉಪಾಯ ಇದು: ಕರಿ ಬೆಕ್ಕಿನ ಆಕಾರದ ಚೀಟಿ, ಅದರ ಮೇಲೆ 'ನಾನು ಹುಡುಗ' ಅನ್ನುವ ಬರಹ. ಸೀದಾ ಗೌನಿನ ಮೇಲೆ ಪಿನ್ನು ಹಾಕಿಕೊಂಡರೆ ಮೋಸ ಎಲ್ಲಿ ಬಂತು? ಪೊಲೀಸರು ಹಿಡಿದರೆ ಚೀಟಿ ತೋರಿಸುವುದು.

1961ರಲ್ಲಿ ಹೋಸೆ ಇಲ್ಲಿನ ನಗರಸಭೆಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಚುನಾವಣೆಗೆ ನಿಂತ. ಗೇ ಅಂತ ಎಲ್ಲರೆದುರು ಹೇಳಿಕೊಂಡು ಅಮೇರಿಕಾದಲ್ಲಿ ಚುನಾವಣೆಗೆ ನಿಂತ ಮೊದಲಿಗ. ನಾಮಪತ್ರಕ್ಕೆ ಸಹಿ ಹಾಕಲು ಜನ ಹಿಂಜರಿದರು. ಗೆಲ್ಲಲಿಲ್ಲ. ಆದರೆ ಸುಮಾರು 6 ಸಾವಿರ ಓಟು ಬಿತ್ತು. ಮುಂದೆ 1977ರಲ್ಲಿ, ಗೇ ಅಂತ ಹೇಳಿಕೊಂಡೇ ನಿಂತ ಹಾರ್ವಿ ಮಿಲ್ಕ್ ಗೆದ್ದದ್ದು ಅದೇ ಬೋರ್ಡಿಗೆ.

ಸಂಜೆ ಮ್ಯೂಸಿಯಂನಿಂದ ಮಾರ್ಕೆಟ್ ಬೀದಿ ಹಿಡಿದು ಹದಿನಾರನೇ ಬೀದಿಗೆ ಬಂದೆ. ಅಲ್ಲಿ ಹಾರ್ವಿ ಮಿಲ್ಕ್ ಹೆಸರಿನ ಪಬ್ಲಿಕ್ ಲೈಬ್ರರಿ ಇದೆ. ಅದರ ಮುಂದಿನ ಬೀದಿಯ ತುಂಡಿಗೆ 2006ರಲ್ಲಿ ಹೋಸೆ ಸಾರಿಯಾ ಕೋರ್ಟ್ (ಇಲ್ಲಿ ಕೋರ್ಟ್ ಅಂದರೆ ಪುಟ್ಟ ಬೀದಿ) ಅಂತ ಹೆಸರಿಟ್ಟರು. ಹಾಗಾಗಿ ಲೈಬ್ರರಿಯ ವಿಳಾಸ ಈಗ 1, ಹೋಸೆ ಸಾರಿಯಾ ಕೋರ್ಟ್. ನಾನು ಹೋದಾಗ ಒಂದು ಪುಟ್ಟ ಹುಡುಗಿ ಹೊಟ್ಟೆಯಿಂದ ಗಲ್ಲದವರೆಗೆ ಪುಸ್ತಕ ಪೇರಿಸಿಕೊಂಡು, ಮೇಲಿನ ಪುಸ್ತಕವನ್ನು ಗಲ್ಲದಿಂದ ಒತ್ತಿ ಹಿಡಿದು ಬಾಗಿಲಿನಿಂದ ಹೊರಗೆ ಬಂದಳು. ಹಿಂದೆ ಅವಳ ಅಜ್ಜಿ. ಶಾಲೆಯೊಳಗೆ ಬರಬೇಡ ಅನ್ನಿಸಿಕೊಂಡವನ ಹೆಸರಿನ ಬೀದಿಯಿಂದ ಮಕ್ಕಳು ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದಾರೆ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ರಾತ್ರಿ ಊಟ ಮಿಷನ್ ಬಡಾವಣೆಯ ಕಡೆ, ಬುರ್ರಿಟೊ. ಅನ್ನ, ಹುರುಳಿಕಾಯಿ ಬೀಜದಂಥ ಕಪ್ಪು ಕಾಳು, ಬೆಣ್ಣೆಹಣ್ಣು ಎಲ್ಲ ಸುತ್ತಿಕೊಡುತ್ತಾರೆ. ಒಬ್ಬರಿಗೆ ಒಂದು ಜಾಸ್ತಿಯೇ ಆಗುತ್ತದೆ, ಅರ್ಧ ಕಟ್ಟಿಸಿಕೊಂಡು ಬಂದೆ.

ಶನಿವಾರ: ಏರು, ಮಂಜು, ಪೋಲ್ಕ್ ಬೀದಿ

ಬಸ್ಸು ದಾರಿ ಮಧ್ಯೆ ನಿಂತಿತು. ಏನೋ ಕೆಟ್ಟಿದೆ, ಎಲ್ಲರೂ ಇಳಿಯಿರಿ ಅಂದರು. ಸರಿ, ನಡೆದೇ ಹೋಗೋಣ ಅಂತ ಟೇಲರ್ ಬೀದಿಯ ಏರು ಹತ್ತತೊಡಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಪಿನಲ್ಲಿ ಎರಡು ಬ್ಲಾಕ್ ಅಂತ ಇದ್ದರೆ ನಂಬಬೇಡಿ, ಎಷ್ಟು ಕಡಿದು ಅಂತಲೂ ನೋಡಿ. ಮಂಜು ಎಷ್ಟಿತ್ತೆಂದರೆ ಕನ್ನಡಕ ಒರೆಸಿ ಹಾಕಿದ ಕ್ಷಣಕ್ಕೇ ಮತ್ತೆ ಹನಿ ಕಟ್ಟುತ್ತಿತ್ತು. ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು.

ಒಂದು ಲಾಂಡ್ರಿ ಅಂಗಡಿ ತೆರೆದಿತ್ತು. ಒಳಗೆ ಬಿಸಿ ಇಸ್ತ್ರಿಯ ವಾಸನೆ. ಅಂಗಡಿಯಾಕೆ ಕೇಳದೆಯೇ ಫೋನು ತಗೊಂಡು ಚಾರ್ಜಿಗೆ ಹಾಕಿ, ಸ್ಟೂಲು ತೋರಿಸಿದರು. ಈ ಮೂಲೆಯಲ್ಲಿ ಏನು ನೋಡಲು ಬಂದೆ ಅಂತ ಕೇಳಿದರು. ಟೇಲರ್ ಮತ್ತು ಬುಷ್ ಬೀದಿ ಸೇರುವಲ್ಲಿ ಹಿಂದೆ ಟೇ-ಬುಷ್ ಇನ್ ಅನ್ನುವ ಜಾಗ ಇತ್ತು, 1961ರ ಸೆಪ್ಟೆಂಬರಿನ ಒಂದು ನಡುರಾತ್ರಿ ಅಲ್ಲಿ ಪೊಲೀಸರು 103 ಜನರನ್ನು ಹಿಡಿದರು ಅಂದೆ. "ಏನು ಮಾಡಿದ್ರು ಅವರು?" ಅಂದರು. ಕುಣೀತಿದ್ದರು ಅಂದೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿದ್ದು ಹಾಗೇ ಹಿಡಿದುಕೊಂಡು, "ಬರೀ ಕುಣೀತಿದ್ದಿದ್ದಕ್ಕಾ?" ಅಂತ ಇನ್ನೊಮ್ಮೆ ಕೇಳಿದರು.

ಹೌದು, ಅಷ್ಟಕ್ಕೇ. ಅದರ ಹಿಂದಿನ ವರ್ಷ, 1960ರಲ್ಲಿ, ಗೇ ಬಾರುಗಳ ಮಾಲೀಕರು ಧೈರ್ಯ ಮಾಡಿ ಪೊಲೀಸರು ತಿಂಗಳು ತಿಂಗಳು ಮಾಮೂಲಿ ಕೀಳುತ್ತಾರೆ ಅಂತ ಬಾಯಿಬಿಟ್ಟಿದ್ದರು. ಪತ್ರಿಕೆಗಳು ಅದಕ್ಕೆ ಗೇಯೋಲಾ ಹಗರಣ ಅಂತ ಹೆಸರಿಟ್ಟವು. ವಿಚಾರಣೆ ಎದುರಿಸಿದ ಪೊಲೀಸರಲ್ಲಿ ಹೆಚ್ಚಿನವರು ಖುಲಾಸೆ ಆದರು. ಆಮೇಲೆ ದಾಳಿಗಳು ಜಾಸ್ತಿಯಾದವು. ಟೇ-ಬುಷ್‌ನಲ್ಲಿ ಹಿಡಿದವರಲ್ಲಿ ಹೆಚ್ಚಿನವರ ಮೇಲಿನ ಕೇಸು ನಿಲ್ಲಲಿಲ್ಲ. ಆದರೆ ಅಷ್ಟು ಹೊತ್ತಿಗೆ ಹೆಸರು, ಕೆಲಸ ಎಲ್ಲ ಪೇಪರಿನಲ್ಲಿ ಅಚ್ಚಾಗಿತ್ತು. ಕೇಸು ಬಿದ್ದುಹೋದರೂ ಹೋದ ಕೆಲಸ ವಾಪಸ್ ಬರುತ್ತದಾ?

ಹೆಸರಿನ ಪಟ್ಟಿ ಅಂದಾಗ ನನಗೆ ನಮ್ಮದೇ ರಾಜ್ಯ ನೆನಪಾಯಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅನ್ನುವ ಕಲಮು ಸೇರಿತ್ತು. ಹಿಜ್ರಾ ಸಮುದಾಯದವರ ಹೆಸರು, ವಿಳಾಸದ ರಿಜಿಸ್ಟರ್ ಇಡಲು ಪೊಲೀಸರಿಗೆ ದಾರಿ ಮಾಡಿಕೊಟ್ಟಿತ್ತು ಅದು. ನಮ್ಮ ಕಡೆಯ ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಸಮುದಾಯವನ್ನು ಹೆಸರಿಸುವ ಪದವನ್ನು ಆ ಕಲಮಿನಿಂದ ತೆಗೆದರು. ಎಷ್ಟು ಜನಕ್ಕೆ ಇದು ಗೊತ್ತು? ನಮ್ಮ ಪೇಪರುಗಳಲ್ಲಿ ಮೂಲೆಯ ಸುದ್ದಿ ಆಯಿತು ಅಷ್ಟೇ. ಇಂಥದ್ದನ್ನು ನಾವು ಬರೆದಿಡಬೇಕು, ಫಲಕ ಹಾಕಬೇಕು, ಬೀದಿಗೆ ಹೆಸರಿಡಬೇಕು.

ಮಧ್ಯಾಹ್ನ ಪೋಲ್ಕ್ ಬೀದಿಗೆ ಇಳಿದೆ. ಅಲ್ಲಿ 625ನೇ ನಂಬರಿನ ಕ್ಯಾಲಿಫೋರ್ನಿಯಾ ಹಾಲ್, ಜರ್ಮನ್ನರು ಕಟ್ಟಿಸಿದ ಹಳೇ ಸಭಾಭವನ. ಇದರ ಕಥೆ ಹೇಳುವ ಮುಂಚೆ ಬ್ಲ್ಯಾಕ್ ಕ್ಯಾಟಿನ ಕೊನೆ ಹೇಳಿಬಿಡಬೇಕು. ವರ್ಷಗಟ್ಟಲೆ ಕೋರ್ಟು, ವಕೀಲರ ಫೀಸು, ಅಪೀಲು ಎಲ್ಲ ಮುಗಿದು 1963ರ ಅಕ್ಟೋಬರ್ 30ಕ್ಕೆ ಎಬಿಸಿ ಲೈಸೆನ್ಸ್ ಕಿತ್ತುಕೊಂಡಿತು. ಮರುದಿನ ಹ್ಯಾಲೋವೀನ್. ಬ್ಲ್ಯಾಕ್ ಕ್ಯಾಟಿಗೆ ವರ್ಷದ ದೊಡ್ಡ ಹಬ್ಬ ಅದು, ಗೌನು ಹಾಕಿ ಬೀದಿಗೆ ಬಂದರೂ ಪೊಲೀಸರು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಒಂದೇ ರಾತ್ರಿ. ಸರಿಯಾಗಿ ಅದರ ಹಿಂದಿನ ದಿನ! ಜನ ಆದರೂ ಬಂದರು. ಮದ್ಯ ಇಲ್ಲದ ಬಾರಿನಲ್ಲಿ ಊಟ, ತಂಪು ಪಾನೀಯ ಇಟ್ಟುಕೊಂಡು ಹಬ್ಬ ಮಾಡಿದರು. ಆದರೆ ಬರೀ ಊಟದಿಂದ ಬಾಡಿಗೆ ಹುಟ್ಟಲಿಲ್ಲ. 1964ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು.

ಬಾರ್ ಹೋಯಿತು, ಕಲಿತ ಪಾಠ ಹೋಗಲಿಲ್ಲ. 1962ರಲ್ಲೇ ಗೇ ಬಾರುಗಳ ಮಾಲೀಕರು, ಕೆಲಸಗಾರರು ಸೇರಿ ಟ್ಯಾವರ್ನ್ ಗಿಲ್ಡ್ ಕಟ್ಟಿಕೊಂಡಿದ್ದರು. ಬಾರಿನಲ್ಲಿ ಯಾರನ್ನಾದರೂ ಹಿಡಿದರೆ ವಕೀಲ, ಜಾಮೀನು ಎರಡಕ್ಕೂ ಗಿಲ್ಡ್ ಏರ್ಪಾಡು ಮಾಡುತ್ತಿತ್ತು. ಆಮೇಲೆ ಕೆಲವು ಪಾದ್ರಿಗಳೂ ಜೊತೆಗೂಡಿದರು. 1965ರ ಹೊಸ ವರ್ಷದ ದಿನ ಈ ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ಒಂದು ಡಾನ್ಸ್ ಪಾರ್ಟಿ ಇಟ್ಟರು. ಪೊಲೀಸರಿಗೆ ಮುಂಚೆಯೇ ಹೇಳಿದ್ದರು. ಆದರೂ ಅವರು ಬಾಗಿಲಿಗೆ ದೊಡ್ಡ ಲೈಟು ಹಾಕಿ, ಬಂದವರೆಲ್ಲರ ಫೋಟೊ ತೆಗೆದರು. ವಾರಂಟ್ ಎಲ್ಲಿ ಅಂತ ಕೇಳಿದ ವಕೀಲರನ್ನೇ ಹಿಡಿದರು. ಆದರೆ ಈ ಸಲ ನೋಡಿದವರು ಚರ್ಚಿನ ಪಾದ್ರಿಗಳು, ಅವರ ಹೆಂಡತಿಯರು. ಮರುದಿನ ಪಾದ್ರಿಗಳು ಪತ್ರಿಕಾಗೋಷ್ಠಿ ಕರೆದು ಕಂಡದ್ದನ್ನೆಲ್ಲ ಹೇಳಿದರು. ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು.

ಆ ಹಾಲಿನ ಮೆಟ್ಟಿಲಲ್ಲಿ ಕೂತು ಹಿಂದಿನ ರಾತ್ರಿಯ ಅರ್ಧ ಬುರ್ರಿಟೊ ತಿಂದು ಮುಗಿಸಿದೆ. ತಣ್ಣಗಾಗಿದ್ದರೂ ರುಚಿಯಾಗಿಯೇ ಇತ್ತು.

ಭಾನುವಾರ: ಕೋಲ್ಮಾ

"ಇವತ್ತು ನಾನೂ ಬರ್ತೀನಿ" ಅಂತ ಅಕ್ಕ ತಾನೇ ಕಾರು ತೆಗೆದಳು. ಅವಳಿಗೆ ನಾನು ಗೇ ಅಂತ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು, ಸಲಿಂಗಕಾಮ ಅಪರಾಧ ಅಲ್ಲ ಅನ್ನುವ 377ರ ತೀರ್ಪು ಬಂದ ರಾತ್ರಿ, ಫೋನಿನಲ್ಲಿ. ಆಮೇಲೆ ನಾವಿಬ್ಬರೂ ಆ ವಿಷಯ ಜಾಸ್ತಿ ಮಾತಾಡಿರಲಿಲ್ಲ. ಕಾರಿನಲ್ಲಿ ಪುಳಿಯೋಗರೆ ಡಬ್ಬ, ಹಿಂದಿನ ಸೀಟಿನಲ್ಲಿ ಅಂಗಡಿಯಿಂದ ತಂದ ಹಳದಿ ಸೇವಂತಿಗೆ.

ಕೋಲ್ಮಾ ಸತ್ತವರ ಊರು. ಸ್ಯಾನ್ ಫ್ರಾನ್ಸಿಸ್ಕೋ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ತನ್ನೊಳಗೆ ಹೂಳುವುದನ್ನು ನಿಲ್ಲಿಸಿತು, ಹೆಚ್ಚಿನ ಸ್ಮಶಾನಗಳನ್ನು ಇಲ್ಲಿಗೆ ಸಾಗಿಸಿತು. ಇಲ್ಲಿ ಬದುಕಿರುವವರು ಒಂದೂವರೆ ಸಾವಿರದ ಆಸುಪಾಸು, ಮಣ್ಣಿನಲ್ಲಿರುವವರು ಹದಿನೈದು ಲಕ್ಷದಷ್ಟು. ಬಾರ್ಟ್‌ನಲ್ಲೂ ಬರಬಹುದು, ಕೋಲ್ಮಾ ಸ್ಟೇಷನ್ನಿನಿಂದ ವುಡ್‌ಲಾನ್ ಸ್ಮಶಾನಕ್ಕೆ ನಡೆದೇ ಹೋಗಬಹುದು. ಗೇಟಿನ ಹತ್ತಿರ ಹುಲ್ಲು ಕತ್ತರಿಸುತ್ತಿದ್ದ ಮಾಲಿಯನ್ನು ನಾರ್ಟನ್ ಸಮಾಧಿ ಎಲ್ಲಿ ಅಂತ ಕೇಳಿದೆವು. "ಎಲ್ಲರೂ ಅವನನ್ನೇ ಕೇಳೋದು" ಅಂತ ನಗುತ್ತಾ, ಮೆಷಿನ್ ಆಫ್ ಮಾಡಿ ಜೊತೆಗೇ ಬಂದರು.

ಜೋಶುವಾ ನಾರ್ಟನ್ ಅಕ್ಕಿ ವ್ಯಾಪಾರದಲ್ಲಿ ಎಲ್ಲ ಕಳೆದುಕೊಂಡ ವ್ಯಾಪಾರಿ. 1859ರಲ್ಲಿ ತಾನು ಅಮೇರಿಕಾದ ಚಕ್ರವರ್ತಿ ಅಂತ ಘೋಷಿಸಿಕೊಂಡ. 1880ರಲ್ಲಿ ಸಾಯುವವರೆಗೆ ಊರು ಅವನನ್ನು ಚಕ್ರವರ್ತಿಯ ಹಾಗೆಯೇ ನೋಡಿಕೊಂಡಿತು. ಹೋಟೆಲಿನವರು ಊಟ ಕೊಟ್ಟರು, ಅವನು ಅಚ್ಚು ಹಾಕಿಸಿದ ನೋಟನ್ನು ಅಂಗಡಿಗಳು ತಗೊಂಡವು. ಕಲ್ಲಿನ ಮೇಲೆ ಈಗಲೂ ಅಮೇರಿಕಾದ ಚಕ್ರವರ್ತಿ, ಮೆಕ್ಸಿಕೋದ ರಕ್ಷಕ ಅಂತಲೇ ಇದೆ. ಬ್ಲ್ಯಾಕ್ ಕ್ಯಾಟ್ ಮುಚ್ಚಿದ ಮೇಲೆ ಟ್ಯಾವರ್ನ್ ಗಿಲ್ಡಿನ ನೃತ್ಯಕೂಟದಲ್ಲಿ ಹೋಸೆಗೆ ರಾಣಿ ಪಟ್ಟ ಕಟ್ಟಿದರು. ನಾನು ಆಗಲೇ ರಾಣಿ, ಈಗ ಮಹಾರಾಣಿ ಅಂತ ಹೇಳಿ, ನಾರ್ಟನ್ ಚಕ್ರವರ್ತಿಯ ವಿಧವೆ ಅಂತ ತನಗೆ ತಾನೇ ಬಿರುದು ಕೊಟ್ಟುಕೊಂಡ. ಅಲ್ಲಿಂದ ಹುಟ್ಟಿದ ಇಂಪೀರಿಯಲ್ ಕೋರ್ಟ್ (ಚಕ್ರವರ್ತಿಯ ಆಸ್ಥಾನ) ಅನ್ನುವ ಸಂಘಟನೆ ಅಮೇರಿಕಾ, ಕೆನಡಾ, ಮೆಕ್ಸಿಕೋದ ಊರೂರುಗಳಿಗೆ ಹರಡಿತು, ದಾನಕ್ಕೆ ದುಡ್ಡು ಎತ್ತುವ ಕೆಲಸ ಈಗಲೂ ಮಾಡುತ್ತಿದೆ. 2013ರ ಆಗಸ್ಟಿನಲ್ಲಿ ತೀರಿಕೊಂಡ ಹೋಸೆಯನ್ನು ತಂದು ಮಲಗಿಸಿದ್ದು ಇಲ್ಲೇ, ನಾರ್ಟನ್ ಪಕ್ಕದಲ್ಲಿ.

ಹುಲ್ಲು ಒದ್ದೆಯಾಗಿತ್ತು. ಕಲ್ಲಿನ ಅಂಚಿನಲ್ಲಿ ಯಾರೋ ಇಟ್ಟು ಹೋದ ಒಂದು ಸೆಂಟಿನ ನಾಣ್ಯಗಳು, ಒಂದು ಕಿವಿಯೋಲೆ, ನಕಲಿ ಹರಳು ಉದುರಿದ್ದು. ಅಕ್ಕ ಸೇವಂತಿಗೆಯನ್ನು ಎರಡು ಪಾಲು ಮಾಡಿ ಇಬ್ಬರಿಗೂ ಇಟ್ಟಳು. "ಮದುವೆ ಆಗಿದ್ರಾ ಇವರಿಬ್ಬರೂ?" ಅಂತ ಕೇಳಿದಳು. ನಾರ್ಟನ್ ಸತ್ತು ನಲವತ್ತು ವರ್ಷದ ಮೇಲೆ ಹೋಸೆ ಹುಟ್ಟಿದ್ದು ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ, ಆ ಮೇಷ್ಟ್ರ ಕೆಲಸದ ಕೇಸು ಏನು, ಜೈಲಿನ ಮುಂದೆ ಹಾಡಿದ್ದು ಯಾಕೆ, ಬಾರ್ ಮುಚ್ಚಿದ ಸ್ಟೌಮನ್ ಆಮೇಲೆ ಬೇರೆಯವರ ಥರ ಗಿರಾಕಿಗಳನ್ನ ಬೈದನಾ ಅಂತ ಒಂದೊಂದಾಗಿ ಕೇಳಿದಳು. ನಿಂತಲ್ಲೇ ಹೇಳಿದೆ. ಮಾಲಿಯೂ ನಿಂತು ಕೇಳಿದರು, ಅವರಿಗೆ ಅರ್ಥವಾಗಲಿ ಅಂತ ಅಕ್ಕ ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ನೀನು ಬೆಂಗಳೂರಲ್ಲಿ ಒಬ್ಬನೇ ಇದ್ದಾಗ ಕೂತ್ಕೊಂಡು ಮಾತಾಡೋಕೆ ಇಂಥ ಜಾಗ ಇತ್ತೇನೋ?" ಅಂದಳು ಕೊನೆಗೆ. ಕಬ್ಬನ್ ಪಾರ್ಕಿನ ಬೆಂಚು ಇತ್ತು, ಪೊಲೀಸ್ ಬೀಟ್ ಬರುವವರೆಗೆ ಅಂದೆ. ಅವಳು ಏನೂ ಹೇಳದೆ ನನ್ನ ಬೆನ್ನು ತಟ್ಟಿದಳು.

ಪುಳಿಯೋಗರೆಯನ್ನು ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ತಿಂದೆವು, ಮಾಲಿಗೂ ಕೊಟ್ಟೆವು. ಖಾರ ಅಂದರು, ಇನ್ನೊಂದು ಸಲ ಹಾಕಿಸಿಕೊಂಡರು. ವಾಪಸ್ ಬರುವಾಗ ಡೇಲಿ ಸಿಟಿಯ ಫಿಲಿಪಿನೋ ಬೇಕರಿಯಲ್ಲಿ ನೇರಳೆ ಗೆಣಸಿನ ಬನ್ನು ಕಟ್ಟಿಸಿಕೊಂಡೆವು. ಹೋಸೆ ಬದುಕಿದ್ದಾಗ ಪ್ರತಿ ವರ್ಷ ಫೆಬ್ರವರಿಯಲ್ಲಿ ಗುಂಪು ಕಟ್ಟಿಕೊಂಡು, ಕಪ್ಪು ಗೌನು ಹಾಕಿ ನಾರ್ಟನ್ ಸಮಾಧಿಗೆ ಯಾತ್ರೆ ಬರುತ್ತಿದ್ದ ಅಂತ ಮಾಲಿ ಹೇಳಿದ್ದರು. ಅವನ ಕಡೆಯವರು ಈಗಲೂ ಬರುತ್ತಾರಂತೆ, ಯಾರು ಬೇಕಾದರೂ ಸೇರಿಕೊಳ್ಳಬಹುದಂತೆ. ನಾನು ಆಗ ಬೆಂಗಳೂರಿನಲ್ಲಿ ಇರುತ್ತೇನೆ ಅಂದೆ.

"ನೀನಿಲ್ಲದಿದ್ರೆ ಏನಾಯ್ತು, ನಾನು ಹೋಗ್ತೀನಿ" ಅಂದಳು ಅಕ್ಕ. ಹೆದ್ದಾರಿ ಸೇರುವ ಮುಂಚೆ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು: "ರೇಷ್ಮೆ ಸೀರೆ ಉಟ್ಕೊಂಡು ಹೋದ್ರೆ ನಡಿಯುತ್ತಾ?"